ಹೋಗುವ ದಾರಿ ಅಳೆದೆವು, ನಿಲ್ಲುವ ಜಾಗ ಅಳೆಯಲಿಲ್ಲ: ಮೊದಲ ಓ.ಡಿ.ಸಿ. ಸಾಗಣೆಯ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಮೂರು ಟ್ರೇಲರ್‌ಗಳ ಒಬ್ಬ ಸಣ್ಣ ಸಾಗಣೆದಾರರು ತಮ್ಮ ಮೊದಲ ಓ.ಡಿ.ಸಿ. ಹೊರೆಯನ್ನು, ಅಂದರೆ ಕಾನೂನಿನ ಅಳತೆಯ ಮಿತಿಗಳನ್ನು ಮೀರಿದ ಸರಕನ್ನು, ದಾಬಸ್‌ಪೇಟೆ ಭಾಗದ ಒಂದು ಫ್ಯಾಬ್ರಿಕೇಷನ್ ಘಟಕದಿಂದ ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಗೆ ಹೇಗೆ ತಲುಪಿಸಿದರು ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ. ದಾರಿಯ ಸಮೀಕ್ಷೆಗೆ ಅವರು ನನ್ನನ್ನು ಕರೆದಿದ್ದರಿಂದ ಆರಂಭದಿಂದ ಕೊನೆಯವರೆಗೆ ಜೊತೆಗಿದ್ದೆ. ಗುರುತು ಹಿಡಿಯಬಹುದಾದ ವಿವರಗಳನ್ನು ಬಿಟ್ಟಿದ್ದೇನೆ ಇಲ್ಲವೇ ಬದಲಿಸಿದ್ದೇನೆ. ಅಳತೆಗಳನ್ನು ಮಾತ್ರ ಮುಟ್ಟಿಲ್ಲ, ಏಕೆಂದರೆ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುವುದು ಅವೇ.

ಸರಕು ಒಂದು ಇವಾಪರೇಟರ್ ಬಾಡಿ. ಕಬ್ಬಿನ ಹಾಲನ್ನು ಕಾಯಿಸಿ ಪಾಕಕ್ಕೆ ತರುವ ಉಕ್ಕಿನ ದೊಡ್ಡ ಪಾತ್ರೆ ಅದು. ಹೊರವ್ಯಾಸ 4.20 ಮೀಟರ್, ಉದ್ದ 7.5 ಮೀಟರ್, ತೂಕ 27 ಟನ್. ಕಾರ್ಖಾನೆ ಕಬ್ಬು ನುರಿಸಲು ಆರಂಭಿಸುವ ಮೊದಲು ಅದನ್ನು ಕೂರಿಸಿ, ಪೈಪುಗಳನ್ನು ಜೋಡಿಸಿ, ಪರೀಕ್ಷೆ ಮುಗಿಸಬೇಕಿತ್ತು. ಆದ್ದರಿಂದ ಸೆಪ್ಟೆಂಬರ್ ಕೊನೆಯೊಳಗೆ ಸರಕು ಅಂಗಳದಲ್ಲಿ ಇಳಿಯಲೇಬೇಕು, ತಡವಾದ ಪ್ರತಿ ದಿನಕ್ಕೂ ಬಾಡಿಗೆಯಲ್ಲಿ ಕಡಿತ ಎಂದು ಒಪ್ಪಂದದಲ್ಲಿ ಬರೆಯಲಾಗಿತ್ತು. ಈ ಸಾಲನ್ನು ಓದಿಯೇ ಮಾಲೀಕರು ಸಹಿ ಹಾಕಿದ್ದರು.

ಅವರಿಗೆ ಲಾರಿ ಹೊಸದಲ್ಲ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕಬ್ಬಿಣದ ಸರಳು, ಸಿಮೆಂಟು, ಯಂತ್ರದ ಬಿಡಿಭಾಗಗಳನ್ನು ಸಾಗಿಸಿದ್ದಾರೆ. ಹಿರಿಯ ಚಾಲಕರು ಅವರಿಗಿಂತಲೂ ಹಳಬರು. ಮೊದಲ ದಿನ ಕಚೇರಿಯಲ್ಲಿ ಕುಳಿತಾಗ ಆ ಚಾಲಕರು, "ಇಪ್ಪತ್ತೇಳು ಟನ್ ತಾನೆ ಅಣ್ಣ, ನಮ್ ಗಾಡಿಗೆ ಅದೂ ಒಂದು ಲೋಡಾ?" ಎಂದರು. ತೂಕದ ಮಟ್ಟಿಗೆ ಅವರ ಮಾತು ಸರಿಯೇ ಆಗಿತ್ತು. 2018ರಲ್ಲಿ ಆಕ್ಸಲ್ ಭಾರದ ಮಿತಿಗಳನ್ನು ಏರಿಸಿದ ಮೇಲೆ ಆರು ಆಕ್ಸಲ್‌ನ ಪುಲ್ಲರ್ (ಎಳೆಯುವ ಗಾಡಿ) ಮತ್ತು ಟ್ರೇಲರ್ ಜೋಡಿ ಒಟ್ಟು 55 ಟನ್‌ವರೆಗೆ ತೂಗಬಹುದು. ನಮ್ಮ ಲೆಕ್ಕ 50 ಟನ್ ಆಸುಪಾಸಿನಲ್ಲಿ ನಿಲ್ಲುತ್ತಿತ್ತು.

ಸಮಸ್ಯೆ: ತೂಕವಲ್ಲ, ಗಾತ್ರ

ಓವರ್‌ಲೋಡ್ ದಂಡದ ಭಯದಲ್ಲೇ ವ್ಯವಹಾರ ಮಾಡಿದವರಿಗೆ ತಕ್ಕಡಿಯ ಚೀಟಿ ಸರಿಯಿದ್ದರೆ ಎಲ್ಲವೂ ಸರಿಯಿದೆ ಎಂದು ತೋರುವುದು ಸಹಜ. ಈ ಮಾಲೀಕರೂ ಮೊದಲ ವಾರವಿಡೀ ತೂಕದ ಬಗ್ಗೆಯೇ ವಿಚಾರಿಸಿದರು. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 93ನೇ ನಿಯಮವು ವಾಹನದ ಅಗಲಕ್ಕೆ 2.6 ಮೀಟರ್ ಮಿತಿ ಹಾಕುತ್ತದೆ. ಎತ್ತರಕ್ಕೂ ಉದ್ದಕ್ಕೂ ಇಂಥವೇ ಮಿತಿಗಳಿವೆ. 4.20 ಮೀಟರ್ ವ್ಯಾಸದ ಪಾತ್ರೆ ಹತ್ತಿಯಷ್ಟು ಹಗುರವಾಗಿದ್ದರೂ ಅದು ಓ.ಡಿ.ಸಿ.ಯೇ. ಚಾಲಕರ ನಡುವೆ ಇದಕ್ಕೊಂದು ತಮಾಷೆಯಿದೆ: ಓಡಿಸೋಕೆ ಆಗದ್ದಕ್ಕೇ ಓಡಿಸಿ ಅಂತ ಹೆಸರು.

2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಕಲಂನಲ್ಲಿ ಎರಡು ಬೇರೆ ಬೇರೆ ತಪ್ಪುಗಳಿವೆ. ತೂಕ ಮೀರಿದರೆ 20,000 ರೂಪಾಯಿ ಮತ್ತು ಹೆಚ್ಚಿನ ಪ್ರತಿ ಟನ್‌ಗೆ 2,000 ರೂಪಾಯಿ. ಇದು ಎಲ್ಲ ಲಾರಿ ಮಾಲೀಕರಿಗೂ ಬಾಯಿಪಾಠ. ಅದರ ಪಕ್ಕದಲ್ಲೇ ಇರುವ 1ಎ ಉಪಕಲಂ ಅನ್ನು ಹೆಚ್ಚಿನವರು ಓದಿರುವುದಿಲ್ಲ. ಹೊರೆಯು ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಅಥವಾ ಎತ್ತರದಲ್ಲಿ ಮಿತಿಯನ್ನು ಮೀರಿ ಚಾಚಿದ್ದರೆ ಅದಕ್ಕೂ 20,000 ರೂಪಾಯಿ ದಂಡ, ಜೊತೆಗೆ ಸರಕು ಇಳಿಸುವ ವೆಚ್ಚ, ಹೊರೆಯನ್ನು ಸರಿಪಡಿಸುವವರೆಗೆ ವಾಹನ ಕದಲುವಂತಿಲ್ಲ ಎಂಬ ನಿರ್ಬಂಧ. ಇದರಿಂದ ವಿನಾಯಿತಿ ಪಡೆಯಲು ಇರುವ ಬಾಗಿಲು ಒಂದೇ: ಸಕ್ಷಮ ಪ್ರಾಧಿಕಾರವು ನಿರ್ದಿಷ್ಟವಾದ ಒಂದು ಹೊರೆಯ ಸಾಗಣೆಗೆ ಲಿಖಿತ ಆದೇಶದ ಮೂಲಕ ಅನುಮತಿ ಕೊಟ್ಟಿರಬೇಕು. "ನಿರ್ದಿಷ್ಟ" ಮತ್ತು "ಲಿಖಿತ" ಎಂಬ ಎರಡು ಪದಗಳ ಕೆಳಗೆ ನಾನು ಮಾಲೀಕರ ಪ್ರತಿಯಲ್ಲಿ ಗೆರೆ ಎಳೆದು ಕೊಟ್ಟಿದ್ದೆ. ಅವುಗಳ ಪೂರ್ತಿ ಭಾರ ನಮ್ಮಿಬ್ಬರಿಗೂ ತಿಳಿದದ್ದು ಚಿತ್ರದುರ್ಗದ ಹತ್ತಿರ.

ಅನುಮತಿ ಕೇಳುವ ಮೊದಲು ಉತ್ತರಿಸಬೇಕಾದ ಇನ್ನೊಂದು ಪ್ರಶ್ನೆಯಿದೆ. ಈ ಹೊರೆಯನ್ನು ಬಿಡಿಸಿ ಒಯ್ಯಲು ಸಾಧ್ಯವೇ? ಸಾಧ್ಯವಿದ್ದರೆ ವಿನಾಯಿತಿ ಕೇಳುವುದಕ್ಕೆ ಅರ್ಥವಿಲ್ಲ. ಇಂಥ ಪಾತ್ರೆಗಳನ್ನು ಎರಡು ತುಂಡಾಗಿ ತಂದು ಸ್ಥಳದಲ್ಲಿ ಬೆಸೆಯುವ ಪದ್ಧತಿಯೂ ಇದೆ. ಆದರೆ ಇಲ್ಲಿ ಒಳಗಿನ ಕೊಳವೆಗಳನ್ನು ಹಿಡಿದಿಡುವ ದಪ್ಪ ಫಲಕಗಳನ್ನು ಘಟಕದಲ್ಲೇ ಸರಿಹೊಂದಿಸಿ ಒತ್ತಡದ ಪರೀಕ್ಷೆಯನ್ನೂ ಮುಗಿಸಿದ್ದರು. ಬಿಡಿಸಿದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕಿತ್ತು. ಕಾರ್ಖಾನೆಯ ಎಂಜಿನಿಯರರಿಂದ ಈ ಕಾರಣವನ್ನು ಪತ್ರರೂಪದಲ್ಲಿ ಪಡೆದು ಅರ್ಜಿಯ ಜೊತೆಗಿಟ್ಟೆವು. ರಾಷ್ಟ್ರೀಯ ಹೆದ್ದಾರಿಗಾಗಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಆನ್‌ಲೈನ್ ವ್ಯವಸ್ಥೆಯಲ್ಲಿ ಅರ್ಜಿ ಹಾಕಬೇಕು. ಕೊನೆಯ ಭಾಗದ ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ರಸ್ತೆಗಳಿಗೆ ಲೋಕೋಪಯೋಗಿ ಇಲಾಖೆಯನ್ನು ಬೇರೆಯಾಗಿ ಕಾಣಬೇಕು.

ಅರ್ಜಿಯಲ್ಲಿ ಅಗಲ ಎಂಬ ಖಾನೆಯನ್ನು ತುಂಬುವಾಗ ಮೊದಲ ಎಡವಟ್ಟು ಹೊರಬಿತ್ತು. ಮಾಲೀಕರು ನಕ್ಷೆ ನೋಡಿ 4.20 ಎಂದು ಬರೆಯಲು ಹೊರಟಿದ್ದರು. ನಾನು ಘಟಕಕ್ಕೆ ಹೋಗಿ ಟೇಪು ಹಿಡಿದಾಗ 4.58 ಬಂತು. ಪಾತ್ರೆಯ ಮಗ್ಗುಲಿಗೆ ಮನುಷ್ಯ ಇಳಿಯುವಷ್ಟು ದೊಡ್ಡ ಮ್ಯಾನ್‌ಹೋಲ್‌ನ ಕತ್ತು ಬೆಸೆದಿದ್ದರು. ಅದು 38 ಸೆಂಟಿಮೀಟರ್ ಹೊರಕ್ಕೆ ಚಾಚಿತ್ತು. ನಕ್ಷೆಯಲ್ಲಿ ಅದೂ ಇತ್ತು, ಆದರೆ ಇನ್ನೊಂದು ಹಾಳೆಯಲ್ಲಿ. ಈ 38 ಸೆಂಟಿಮೀಟರ್ ಯಾಕೆ ಮುಖ್ಯವೆಂದರೆ, ಹೆದ್ದಾರಿಯ ಟೋಲ್ ಗೇಟ್‌ಗಳಲ್ಲಿ ಸಾಮಾನ್ಯ ಪಥಗಳ ಅಗಲ 3.2 ಮೀಟರ್ ಇರುತ್ತದೆ, ದೊಡ್ಡ ಹೊರೆಗಳಿಗಾಗಿ ಅಂಚಿನಲ್ಲಿ ಬಿಡುವ ಪಥ 4.5 ಮೀಟರ್. ನಮ್ಮ ಸರಕು ಅಲ್ಲಿಯೇ ಎಂಟು ಸೆಂಟಿಮೀಟರ್‌ನಿಂದ ಸಿಕ್ಕಿಕೊಳ್ಳುತ್ತಿತ್ತು.

ಏನೇನು ಮಾಡಲಾಯಿತು

ಮ್ಯಾನ್‌ಹೋಲ್ ಕತ್ತರಿಸಿ ಮತ್ತೆ ಬೆಸೆಯೋಣ ಎಂದರೆ ಒತ್ತಡದ ಪರೀಕ್ಷೆ ರದ್ದಾಗುತ್ತದೆ. ಅದನ್ನು ಮೇಲ್ಮುಖ ಮಾಡಿ ಮಲಗಿಸಿದರೆ ಅಗಲ ಸರಿಹೋದರೂ ಎತ್ತರ 38 ಸೆಂಟಿಮೀಟರ್ ಏರುತ್ತದೆ. ಘಟಕದ ಹಿರಿಯ ಮೇಸ್ತ್ರಿಯೊಬ್ಬರು ಈ ವಾದವನ್ನೆಲ್ಲ ಕೇಳುತ್ತಾ ನಿಂತಿದ್ದವರು ಕುಕ್ಕರುಗಾಲಿನಲ್ಲಿ ಕುಳಿತು, ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಚೌಕ ಬರೆದು ಅದರೊಳಗೆ ನಾಲ್ಕೂ ಬದಿಗೆ ತಾಗುವ ವೃತ್ತ ಎಳೆದರು. ಚೌಕದ ಮೂಲೆಗಳಲ್ಲಿ ಉಳಿದ ಖಾಲಿ ಜಾಗವನ್ನು ಬೆರಳಿನಿಂದ ತೋರಿಸಿ, "ಮೂತಿ ಇಲ್ಲಿಗೆ ತಿರುಗಿಸಿ ಸಾರ್" ಎಂದರು. ಲೆಕ್ಕ ಹಾಕಿ ನೋಡಿದೆ. ಪಾತ್ರೆಯ ಮಧ್ಯದಿಂದ ಮ್ಯಾನ್‌ಹೋಲ್‌ನ ತುದಿಗೆ 2.48 ಮೀಟರ್. ಅದನ್ನು 45 ಡಿಗ್ರಿಗೆ ತಿರುಗಿಸಿದರೆ ಪಕ್ಕಕ್ಕೂ ಮೇಲಕ್ಕೂ ಸುಮಾರು 1.75 ಮೀಟರ್ ಮಾತ್ರ ಚಾಚುತ್ತದೆ. ಅದರ ಬಾಯಿಯ ಅಗಲವನ್ನು ಸೇರಿಸಿಕೊಂಡರೂ ಪಾತ್ರೆಯ ತ್ರಿಜ್ಯವಾದ 2.10 ದಾಟುವುದಿಲ್ಲ. ರೊಟೇಟರ್ ಮೇಲೆ ಪಾತ್ರೆಯನ್ನು ಹೊರಳಿಸಿ, ಅದನ್ನು ಹೊರುವ ಸ್ಯಾಡಲ್‌ಗಳನ್ನು ಹೊಸ ಜಾಗಕ್ಕೆ ಕಟ್ಟಲು ಒಂದು ದಿನ ಹಿಡಿಯಿತು. ಅಗಲ ಮತ್ತೆ 4.20ಕ್ಕೆ ಇಳಿಯಿತು. ಇಡೀ ಪ್ರಕರಣದಲ್ಲಿ ಅತ್ಯಂತ ಅಗ್ಗವಾಗಿ ಬಗೆಹರಿದ ತೊಡಕು ಇದು.

ಎತ್ತರದ್ದು ಇಷ್ಟು ಸುಲಭವಿರಲಿಲ್ಲ. ಮಾಲೀಕರ ಸ್ವಂತ ಟ್ರೇಲರ್‌ನ ಡೆಕ್, ಅಂದರೆ ಸರಕು ಕೂರುವ ಹಾಸು, ನೆಲದಿಂದ 0.95 ಮೀಟರ್. ಸ್ಯಾಡಲ್‌ನ ಮೇಲೆ ಕೂತ ಪಾತ್ರೆಯ ತಳ ಡೆಕ್‌ನಿಂದ 12 ಸೆಂಟಿಮೀಟರ್ ಮೇಲಿರುತ್ತದೆ. ಒಟ್ಟು 5.27 ಮೀಟರ್. ಹೆದ್ದಾರಿಯ ಅಂಡರ್‌ಪಾಸ್‌ಗಳ ನಿಗದಿತ ಎತ್ತರ 5.5 ಮೀಟರ್ ಆದ್ದರಿಂದ ಕಾಗದದ ಮೇಲೆ 23 ಸೆಂಟಿಮೀಟರ್ ಉಳಿಯುತ್ತದೆ. ಮಾಲೀಕರಿಗೆ ಅಷ್ಟು ಸಾಕೆನಿಸಿತ್ತು, ಸ್ವಂತ ಗಾಡಿಯಾದರೆ ಬಾಡಿಗೆ ಉಳಿಯುತ್ತದಲ್ಲ. ಒಂದು ಬೊಲೆರೊದ ಮುಂಭಾಗಕ್ಕೆ 5.42 ಮೀಟರ್ ಎತ್ತರಕ್ಕೆ ನಿಲ್ಲುವಂತೆ ಗಳ ಕಟ್ಟಿಕೊಂಡು ಮೊದಲ ಸಮೀಕ್ಷೆಗೆ ಹೊರಟೆವು. ನಾವು ಪರಿಶೀಲಿಸಿದ ಒಂದು ಪರ್ಯಾಯ ದಾರಿಯ ಸೇತುವೆಯ ಕೆಳಗೆ ಗಳ ಟಕ್ಕೆಂದು ತಾಗಿತು. ಅಳೆದರೆ 5.32. ವರ್ಷ ವರ್ಷ ಹೊಸ ಡಾಂಬರು ಹೊದಿಸಿ ರಸ್ತೆಯೇ ಮೇಲೇರಿತ್ತು, ಸೇತುವೆ ಇದ್ದಲ್ಲೇ ಇತ್ತು. ಐದು ಸೆಂಟಿಮೀಟರ್ ಎಂದರೆ ಟ್ರೇಲರ್ ಒಂದು ಹಳ್ಳಕ್ಕೆ ಪುಟಿದರೆ ಮುಗಿಯುವ ಅಂತರ.

ಅಲ್ಲಿ ಮಾಲೀಕರು ಮೊದಲ ದೊಡ್ಡ ನಿರ್ಧಾರ ತೆಗೆದುಕೊಂಡರು. ಡೆಕ್ 0.60 ಮೀಟರ್ ಎತ್ತರದಲ್ಲಿರುವ ಲೋ ಬೆಡ್ ಒಂದನ್ನು ಬಾಡಿಗೆಗೆ ತಂದರು. ಒಟ್ಟು ಎತ್ತರ 4.92ಕ್ಕೆ ಇಳಿಯಿತು. ಇದರಿಂದ ಲಾಭದ ಒಂದು ಭಾಗ ಹೋಯಿತು, ಜೊತೆಗೆ ಹೊಸ ತೊಂದರೆಯೊಂದು ಬಂತು: ತಗ್ಗಾದ ಟ್ರೇಲರ್‌ನ ಹೊಟ್ಟೆ ರಸ್ತೆಯುಬ್ಬುಗಳಿಗೆ ತಾಗುತ್ತದೆ. ನಿಯಮದ ಪ್ರಕಾರ ಕಟ್ಟಿದ ಉಬ್ಬು 3.7 ಮೀಟರ್ ಅಗಲದಲ್ಲಿ ಹತ್ತು ಸೆಂಟಿಮೀಟರ್ ಏರುತ್ತದೆ, ಅದು ಯಾರಿಗೂ ತೊಂದರೆ ಕೊಡುವುದಿಲ್ಲ. ಊರಿನವರು ಒಂದು ಅಪಘಾತದ ಮರುದಿನ ಸಿಟ್ಟಿನಲ್ಲಿ ಹಾಕಿಸಿದ ಉಬ್ಬು ಬೇರೆಯೇ ಜಾತಿ. ಅಂಥವುಗಳ ಎರಡೂ ಬದಿಗೆ ಮರದ ಸ್ಲೀಪರ್‌ಗಳನ್ನು ಮೆಟ್ಟಿಲಿನಂತೆ ಜೋಡಿಸಿ ಚಕ್ರಗಳನ್ನೇ ಮೇಲೆತ್ತಿಕೊಂಡು ದಾಟಬೇಕು. ಇಪ್ಪತ್ತು ಸ್ಲೀಪರ್‌ಗಳು ಹೊರೆಯ ಹಿಂದೆ ಬರುವ ಸಣ್ಣ ಟೆಂಪೊದ ಪಾಲಾದವು.

ಎರಡನೆಯ ಸಮೀಕ್ಷೆಯ ದಾರಿ ಹೀಗಿತ್ತು: ದಾಬಸ್‌ಪೇಟೆಯಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ. ಅಲ್ಲಿಂದ ಹೆದ್ದಾರಿ 50ಕ್ಕೆ ಹೊರಳಿ ಹೊಸಪೇಟೆ, ಕುಷ್ಟಗಿ, ಇಳಕಲ್. ಆಮೇಲೆ ಪಶ್ಚಿಮಕ್ಕೆ ರಾಜ್ಯದ ರಸ್ತೆಗಳು. ಹೊಸಪೇಟೆಯ ಬಳಿ ಗುಡ್ಡ ಕೊರೆದು ಮಾಡಿರುವ ಸುರಂಗದ ಬಗ್ಗೆ ಮಾಲೀಕರಿಗೆ ವಿಪರೀತ ಆತಂಕವಿತ್ತು. ವಾಸ್ತವದಲ್ಲಿ ಗುಂಡಗಿನ ಹೊರೆಗೆ ಕಮಾನಿನ ಆಕಾರ ಅನುಕೂಲವೇ. ಹಿಂದಿನ ಸಂಚಾರವನ್ನು ತಡೆದು ನಟ್ಟನಡುವೆ ಸಾಗಿದರೆ ಸಾಕಿತ್ತು. ನಿಜವಾದ ಕಷ್ಟಗಳು ಕೊನೆಯ ಐವತ್ತು ಅರವತ್ತು ಕಿಲೋಮೀಟರ್‌ಗಳಲ್ಲಿ ಗುಂಪುಗೂಡಿದ್ದವು.

ಒಂದು ರೈಲ್ವೆ ಗೇಟ್. ವಿದ್ಯುದೀಕರಣವಾದ ಮಾರ್ಗಗಳ ಗೇಟ್‌ಗಳ ಎರಡೂ ಬದಿಗೆ ನಿಲ್ಲಿಸುವ ಎತ್ತರದ ಚೌಕಟ್ಟಿನ ಕೆಳಗೆ 4.67 ಮೀಟರ್ ಮಾತ್ರ ಜಾಗವಿರುತ್ತದೆ. ಅದರಾಚೆ ಇರುವುದು 25,000 ವೋಲ್ಟ್‌ನ ತಂತಿ. ರೈಲ್ವೆಗೆ ಅರ್ಜಿ ಕೊಟ್ಟು, ಅವರು ವಿದ್ಯುತ್ ತಡೆಹಿಡಿದು ದಾಟಿಸುವ ಕ್ರಮವಿದೆಯಾದರೂ ನಮ್ಮ ಬಳಿ ಅಷ್ಟು ದಿನಗಳಿರಲಿಲ್ಲ. ಮೇಲ್ಸೇತುವೆಯಿರುವ ಇನ್ನೊಂದು ದಾರಿ 22 ಕಿಲೋಮೀಟರ್ ಸುತ್ತು. ಇವೆರಡರ ನಡುವೆ ಹತ್ತಿರದ ಕಾಲುವೆ ರಸ್ತೆಯೊಂದಿತ್ತು. ಅದರ ಕಿರುಸೇತುವೆಯನ್ನು ಅಳೆದರೆ ಖುಷಿಯ ಸುದ್ದಿ: ಮೂರು ಮೀಟರ್‌ನ ಡೆಕ್ ತಡೆಗೋಡೆಗಳ ನಡುವೆ ಹಾಯುತ್ತದೆ, ಪಾತ್ರೆಯ ಅತಿ ಅಗಲವಾದ ಭಾಗ ನೆಲದಿಂದ 2.8 ಮೀಟರ್ ಮೇಲಿರುವುದರಿಂದ ಗೋಡೆಗಳ ಮೇಲೆಯೇ ತೇಲಿಕೊಂಡು ಹೋಗುತ್ತದೆ. ಆದರೆ ಆ ಸೇತುವೆ ಐವತ್ತು ಟನ್ ತಡೆಯುತ್ತದೆಯೇ ಎಂದು ಕೇಳಿದಾಗ ನೀರಾವರಿಯ ಎಂಜಿನಿಯರರು "ಕಬ್ಬಿನ ಗಾಡಿ ದಿನಾ ಹೋಗ್ತಾವ್ರಿ" ಎಂದರೇ ಹೊರತು ಬರೆದು ಕೊಡಲು ಒಪ್ಪಲಿಲ್ಲ. ಬರೆದು ಕೊಡದ ಭರವಸೆಯ ಮೇಲೆ ಸೇತುವೆ ಹತ್ತುವುದು ಬೇಡ ಎಂದು ಸುತ್ತುದಾರಿಯನ್ನೇ ಆರಿಸಿದೆವು. ಅಂದಹಾಗೆ, ಎರಡೆರಡು ಟ್ರೇಲರ್ ಕಟ್ಟಿಕೊಂಡು ಎರಡೂ ಬದಿಗೆ ಕಬ್ಬು ಚಾಚಿಕೊಂಡು ಓಡಾಡುವ ಟ್ರ್ಯಾಕ್ಟರುಗಳನ್ನು ಆ ರಸ್ತೆಗಳಲ್ಲಿ ಯಾರೂ ಓ.ಡಿ.ಸಿ. ಎಂದು ಕರೆಯುವುದಿಲ್ಲ.

ಇನ್ನೊಂದು, ವಿದ್ಯುತ್ ತಂತಿಗಳು. ರಸ್ತೆಯನ್ನು ಅಡ್ಡ ಹಾಯುವ ಸಾಮಾನ್ಯ ತಂತಿ ಕನಿಷ್ಠ 5.8 ಮೀಟರ್, 11 ಕೆ.ವಿ. ತಂತಿ 6.1 ಮೀಟರ್ ಎತ್ತರದಲ್ಲಿರಬೇಕೆಂಬುದು ನಿಯಮ. ಊರೊಳಗೆ ಆ ಅಳತೆಗಳು ಸಿಗಲಿಲ್ಲ. ತಂತಿಗೆ ಗಳ ತಾಗಿಸುವುದು ಸಾವನ್ನು ಕರೆದಂತೆ. ಒದ್ದೆಯಾದ ಪಿ.ವಿ.ಸಿ. ಪೈಪನ್ನೂ ನಂಬುವಂತಿಲ್ಲ. ಆದ್ದರಿಂದ ಗಳವನ್ನು ಮಲಗಿಸಿ, ಲೇಸರ್ ಅಳತೆಯ ಉಪಕರಣ ಬಳಸಿದೆವು. ಒಂದು ಹಳ್ಳಿಯಲ್ಲಿ ಅತಿ ತಗ್ಗಿನ ತಂತಿ 5.15 ಮೀಟರ್‌ನಲ್ಲಿತ್ತು. ನಾನು ಬರೆದುಕೊಳ್ಳುತ್ತಿರುವುದನ್ನು ನೋಡಿದ ಅಲ್ಲಿನ ಲೈನ್‌ಮನ್ ನಕ್ಕು, "ಮುಂಜಾನಿ ತಂಪಿನ್ಯಾಗ ಅಳದೀರಿ ಸರ. ಮಧ್ಯಾಹ್ನ ಬರ್ರಿ, ಒಂದ್ ಗೇಣು ಇಳಿದಿರತೈತ್ರಿ" ಎಂದ. ಮಧ್ಯಾಹ್ನ ಎರಡೂವರೆಗೆ ಮತ್ತೆ ಹೋದೆವು. 4.98. ಬಿಸಿಲಿಗೂ ಹರಿಯುವ ವಿದ್ಯುತ್ತಿಗೂ ಕಾದು ಹಿಗ್ಗಿದ ತಂತಿ 17 ಸೆಂಟಿಮೀಟರ್ ಜೋತುಬಿದ್ದಿತ್ತು. ನಮ್ಮ ಹೊರೆಗೂ ಅದಕ್ಕೂ ಉಳಿದದ್ದು ಆರು ಸೆಂಟಿಮೀಟರ್. ಅದುವರೆಗೆ ನಾವು ಬೆಳಗಿನ ಹೊತ್ತು ತೆಗೆದುಕೊಂಡಿದ್ದ ತಂತಿಯ ಅಳತೆಗಳನ್ನೆಲ್ಲ ಅಂದು ಹೊಡೆದುಹಾಕಿ ಮತ್ತೆ ಅಳೆದೆವು. ಹೆಸ್ಕಾಂ ಉಪವಿಭಾಗಕ್ಕೆ ಲಿಖಿತ ಅರ್ಜಿ ಕೊಟ್ಟು, ಆರು ಕಡೆ ಲೈನ್ ಕ್ಲಿಯರ್, ಅಂದರೆ ತಂತಿಯಲ್ಲಿ ವಿದ್ಯುತ್ ನಿಲ್ಲಿಸುವ ಒಪ್ಪಿಗೆ, ಪಡೆದು, ತಂತಿಯನ್ನು ಇಲಾಖೆಯ ಸಿಬ್ಬಂದಿಯೇ ಎತ್ತಿ ಹಿಡಿಯಬೇಕೆಂದು ಗೊತ್ತು ಮಾಡಿಕೊಂಡೆವು. ಬಿದಿರಿನ ಗಳ ಹಿಡಿದ ಹುಡುಗನೊಬ್ಬ ಪಾತ್ರೆಯ ನೆತ್ತಿಯ ಮೇಲೆ ಕುಳಿತು ಬರುವ ಪದ್ಧತಿಯನ್ನು ರಸ್ತೆಗಳಲ್ಲಿ ನೋಡಿದವರು ಬೇಕಾದಷ್ಟು ಜನರಿದ್ದಾರೆ. ಅದನ್ನು ಈ ಕೆಲಸದಲ್ಲಿ ಮಾಡುವುದಿಲ್ಲವೆಂದು ಮಾಲೀಕರು ಮೊದಲೇ ಹೇಳಿದ್ದರು.

ಕಟ್ಟುವಿಕೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬ್ರೇಕ್ ಹಾಕಿದಾಗ ಹೊರೆ ಮುಂದಕ್ಕೆ ತನ್ನ ತೂಕದ ಶೇಕಡ 80ರಷ್ಟು, ಪಕ್ಕಕ್ಕೂ ಹಿಂದಕ್ಕೂ ಶೇಕಡ 50ರಷ್ಟು ಬಲದಿಂದ ನುಗ್ಗುತ್ತದೆ ಎಂದಿಟ್ಟುಕೊಂಡು ಕಟ್ಟಬೇಕು. 27 ಟನ್‌ಗೆ ಅದು ಮುಂದಕ್ಕೆ 21.6 ಟನ್. ಸ್ಯಾಡಲ್ ಮತ್ತು ಡೆಕ್ ನಡುವೆ ರಬ್ಬರ್ ಹಾಸು ಹಾಕಿ, ಉಳಿದ ಬಲವನ್ನು 10 ಮಿಲಿಮೀಟರ್‌ನ ಗ್ರೇಡ್ 80 ಸರಪಳಿಗಳಿಗೆ ಹಂಚಿದೆವು. ಅಂಥದೊಂದು ಸರಪಳಿಯ ಕಟ್ಟುಬಲ, ಅಂದರೆ ಹೊರೆ ಕಟ್ಟಿದಾಗ ಅದು ತಡೆಯಬಹುದಾದ ಎಳೆತ, 6.3 ಟನ್. ಗೋದಾಮಿನಲ್ಲಿದ್ದ ಹಳೆಯ, ತಗಡಿನ ಚೀಟಿ ಕಳಚಿಹೋದ ಸರಪಳಿಗಳನ್ನು ಚಾಲಕರು ತಾವಾಗಿಯೇ ಪಕ್ಕಕ್ಕೆ ಎಸೆದರು. ಕಬ್ಬಿಣ ಕಟ್ಟಿ ಕಲಿತವರಿಗೆ ಇಲ್ಲಿ ಹೇಳಿಕೊಡಬೇಕಾದದ್ದು ಕಡಿಮೆ.

ಪ್ರಯಾಣದಲ್ಲಿ ನಡೆದದ್ದು

ಅನುಮತಿ ಕೈಗೆ ಬಂದದ್ದು ಸೆಪ್ಟೆಂಬರ್ ಮೂರನೆಯ ವಾರದಲ್ಲಿ. ಸೂರ್ಯಾಸ್ತದ ನಂತರ ಚಲಿಸುವಂತಿಲ್ಲ ಎಂಬುದು ಅದರ ಷರತ್ತುಗಳಲ್ಲೊಂದು. ಹೆಚ್ಚುಕಡಿಮೆ 480 ಕಿಲೋಮೀಟರ್ ದಾರಿಗೆ ನಾಲ್ಕು ಹಗಲು ಎಂದು ಯೋಜಿಸಿದ್ದೆವು. ಮುಂದೆ ದಾರಿ ತೋರಿಸುವ ಪೈಲಟ್ ಗಾಡಿ, ಹಿಂದೆ ಟೆಂಪೊ, ಹೊರೆಯ ನಾಲ್ಕು ಮೂಲೆಗೆ ಕೆಂಪು ಬಾವುಟ.

ಮೊದಲ ದಿನ ಶಿರಾ ದಾಟಿದ ಮೇಲೆ ಪುಲ್ಲರ್‌ನ ಕ್ಲಚ್ ಕೈಕೊಟ್ಟಿತು. ಮಾಲೀಕರು ಎರಡು ಗಂಟೆಯೊಳಗೆ ಗೆಳೆಯರೊಬ್ಬರ ಪುಲ್ಲರ್ ತರಿಸಿ ಜೋಡಿಸಿದರು. ಸಾಮಾನ್ಯ ಸಾಗಣೆಯಲ್ಲಿ ಇದು ಮೆಚ್ಚತಕ್ಕ ಚುರುಕು. ಮರುದಿನ ಚಿತ್ರದುರ್ಗದ ಹತ್ತಿರ ತಪಾಸಣೆಗೆ ನಿಲ್ಲಿಸಿದ ಮೋಟಾರು ವಾಹನ ನಿರೀಕ್ಷಕರು ಆದೇಶವನ್ನೂ ಪುಲ್ಲರ್‌ನ ನಂಬರ್ ಪ್ಲೇಟನ್ನೂ ಒಮ್ಮೆ ನೋಡಿ ಆದೇಶವನ್ನು ಹಿಂದಿರುಗಿಸಿದರು. ಆದೇಶದಲ್ಲಿ ಬರೆದಿದ್ದ ನಂಬರ್ ಬೇರೆ. ಹೊರೆ ಅದೇ, ಟ್ರೇಲರ್ ಅದೇ, ಎಳೆಯುವ ಗಾಡಿ ಮಾತ್ರ ಬದಲಾಗಿದೆ ಎಂದು ಮಾಲೀಕರು ವಾದಿಸಿದರು. ಕಾಯ್ದೆ ನಿರ್ದಿಷ್ಟ ಹೊರೆಯ ಮಾತನ್ನು ಆಡುತ್ತದೆಯೆಂಬುದು ನಿಜ. ಆದರೆ ವಿನಾಯಿತಿ ಹುಟ್ಟುವುದು ಲಿಖಿತ ಆದೇಶದಿಂದ, ಆದೇಶದಲ್ಲಿ ಬರೆದ ಗಾಡಿ ಎದುರಿಗಿರಲಿಲ್ಲ. ನಿರೀಕ್ಷಕರ ನಿಲುವು ಸರಿಯೆಂದೇ ನನ್ನ ಅಭಿಪ್ರಾಯ. ದಂಡ ಹಾಕದೆ, ತಿದ್ದುಪಡಿ ಬರುವವರೆಗೆ ಪಕ್ಕದ ಲಾರಿ ನಿಲುಗಡೆಯಲ್ಲಿ ನಿಲ್ಲಿಸಲು ಹೇಳಿದ್ದು ಅವರ ಔದಾರ್ಯ. ತಿದ್ದುಪಡಿಗೆ ಒಂದೂವರೆ ದಿನ ಹಿಡಿಯಿತು. ಅರ್ಜಿ ಹಾಕುವಾಗಲೇ ಬದಲಿ ಪುಲ್ಲರ್‌ನ ನಂಬರನ್ನೂ ಸೇರಿಸುವಂತೆ ಕೋರಬಹುದಿತ್ತು, ಆ ಯೋಚನೆ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಇಲ್ಲಿಂದ ಮುಂದೆ ಎಲ್ಲರ ಕಣ್ಣೂ ಗಡಿಯಾರದ ಮೇಲಿತ್ತು. ಟೋಲ್ ಗೇಟ್‌ಗಳಲ್ಲಿ ಎರಡೂ ಬದಿಗೆ ಹದಿನೈದು ಸೆಂಟಿಮೀಟರ್ ಬಿಟ್ಟುಕೊಂಡು ಪಾತ್ರೆ ಹಾದುಹೋಯಿತು. ಸುರಂಗದಲ್ಲಿ ಏನೂ ಆಗಲಿಲ್ಲ. ಇಳಕಲ್ ದಾಟಿ ರಾಜ್ಯದ ರಸ್ತೆಗೆ ಇಳಿದಾಗ ಸಂಜೆ ನಾಲ್ಕಾಗಿತ್ತು. ರಾತ್ರಿ ತಂಗಬೇಕೆಂದು ಅಂದುಕೊಂಡಿದ್ದ ಪೆಟ್ರೋಲ್ ಬಂಕ್ ಇನ್ನೂ ಹದಿನೆಂಟು ಕಿಲೋಮೀಟರ್ ದೂರ. ಐದರ ಸುಮಾರಿಗೆ ಮಳೆ ಹಿಡಿದುಕೊಂಡಿತು. ಆರು ಕಾಲಿಗೆ, ಬಂಕ್ ಇನ್ನೂ ಆರು ಕಿಲೋಮೀಟರ್ ಇರುವಾಗ, ಕತ್ತಲಾಗುತ್ತಿದೆ ನಿಲ್ಲಿಸಿಬಿಡಿ ಎಂದು ಮಾಲೀಕರು ಫೋನಿನಲ್ಲಿ ಹೇಳಿದರು. ಷರತ್ತಿನ ಪ್ರಕಾರ ಅದು ಸರಿಯಾದ ಮಾತೇ. ಏಳು ಮೀಟರ್ ಡಾಂಬರಿನಲ್ಲಿ 4.20 ಮೀಟರ್ ಅಡ್ಡ ನಿಂತರೆ ಬಸ್ಸುಗಳಿಗೆ ಜಾಗವಿಲ್ಲವೆಂದು ಪೈಲಟ್ ಚಾಲಕ ಕೈಸನ್ನೆ ಮಾಡಿ ಟ್ರೇಲರನ್ನು ಎಡಕ್ಕೆ ತೆಗೆಸಿದ. ಅದೂ ತಪ್ಪೆನ್ನುವಂತಿಲ್ಲ. ಹೀಗೆ ಎಡಬದಿಯ ಚಕ್ರಗಳೆಲ್ಲ ಹುನಗುಂದ ಸೀಮೆಯ ನೆನೆದ ಎರೆಮಣ್ಣಿನ ಮೇಲೆ ಬಂದು ನಿಂತವು.

ರಾತ್ರಿ ಹತ್ತರ ಹೊತ್ತಿಗೆ ಕ್ಲೀನರ್ ಹುಡುಗ ಬಂದು ಚಾಲಕರನ್ನು ಎಬ್ಬಿಸಿದ. ಬಲಗಡೆಯ ಸರಪಳಿಗಳು ತಂಬೂರಿಯ ತಂತಿಯ ಹಾಗೆ ಬಿಗಿದುಕೊಂಡಿದ್ದವು, ಎಡಗಡೆಯವು ಸಡಿಲಾಗಿ ತೂಗುತ್ತಿದ್ದವು. ಟಾರ್ಚು ಹಾಕಿ ಅಳೆದಾಗ ಡೆಕ್‌ನ ಎಡ ಅಂಚು ಬಲಕ್ಕಿಂತ 19 ಸೆಂಟಿಮೀಟರ್ ಕೆಳಗಿತ್ತು. ಪಾತ್ರೆಯ ಭಾರಕೇಂದ್ರ ನೆಲದಿಂದ 2.8 ಮೀಟರ್ ಮೇಲಿದ್ದುದರಿಂದ ಅದು ಆಗಲೇ 18 ಸೆಂಟಿಮೀಟರ್‌ನಷ್ಟು ಎಡಕ್ಕೆ ಸರಿದಂತಾಗಿತ್ತು. ಉರುಳುವ ಮಟ್ಟ ಇನ್ನೂ ದೂರವಿತ್ತು, ಆದರೆ ಮಳೆ ನಿಂತಿರಲಿಲ್ಲ.

ಬೆಳಗಾಗುವಷ್ಟರಲ್ಲಿ ಊರಿನವರು ಸೇರಿದರು. ಜೆ.ಸಿ.ಬಿ. ತರಿಸುತ್ತೇವೆ, ಹಿಂದಿನಿಂದ ನೂಕಿದರೆ ಐದು ನಿಮಿಷದ ಕೆಲಸ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಮಾಲೀಕರು ಒಪ್ಪುವ ಅಂಚಿನಲ್ಲಿದ್ದರು. ಹಿರಿಯ ಚಾಲಕರು ಇಗ್ನಿಷನ್‌ನ ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಂಡು, "ಅಣ್ಣ, ಎಳೆದ್ರೆ ಮುಂದಿನ ಚಕ್ರ ಏಳೋಕೆ ಮುಂಚೆ ಹಿಂದಿಂದು ಇನ್ನೊಂದು ಅಡಿ ಇಳಿಯುತ್ತೆ. ನಾನು ಗಾಡಿ ಸ್ಟಾರ್ಟ್ ಮಾಡಲ್ಲ" ಎಂದರು. ನನ್ನ ದೃಷ್ಟಿಯಲ್ಲಿ ಪ್ರಕರಣದ ನಿಜವಾದ ತಿರುವು ಇದು. ಕ್ರೇನ್ ತರಿಸಿ ಪಾತ್ರೆಯನ್ನು ಎತ್ತಿಬಿಡೋಣವೆಂದರೆ ಕ್ರೇನ್‌ನ ಕಾಲೂ ಅದೇ ಮಣ್ಣಿನ ಮೇಲೆ ಊರಬೇಕು. ಉಳಿದದ್ದು ನಿಧಾನದ ದಾರಿ. ಕಾರ್ಖಾನೆಯಿಂದ ದಪ್ಪ ಉಕ್ಕಿನ ತಗಡುಗಳು, 50 ಟನ್‌ನ ಎರಡು ಜಾಕಿಗಳು ಬಂದವು, ಹತ್ತಿರದ ಕ್ರಷರ್‌ನಿಂದ ಎರಡು ಟಿಪ್ಪರ್ ಜಲ್ಲಿ. ರಸ್ತೆಯ ಬದಿಯಿಂದ ಜಲ್ಲಿ ತುಂಬಿ, ತಗಡು ಹಾಸಿ, ಅದರ ಮೇಲೆ ನಮ್ಮ ಸ್ಲೀಪರ್, ಅದರ ಮೇಲೆ ಜಾಕಿ. ಒಂದೊಂದು ಸಲಕ್ಕೆ ಮೂರು ನಾಲ್ಕು ಸೆಂಟಿಮೀಟರ್ ಎತ್ತುವುದು, ಚಕ್ರದ ಕೆಳಗೆ ತುಂಬುವುದು, ಜಾಕಿ ಇಳಿಸುವುದು, ಮುಂದಿನ ಆಕ್ಸಲ್‌ಗೆ ಹೋಗುವುದು. ಬೆಳಿಗ್ಗೆ ಏಳಕ್ಕೆ ಆರಂಭಿಸಿದ ಕೆಲಸ ರಾತ್ರಿ ಎಂಟಕ್ಕೆ ಮುಗಿಯಿತು. ಮರುದಿನ ಬೆಳಕು ಹರಿದ ಮೇಲೆ ಚಾಲಕರು ಸ್ಟೀರಿಂಗ್ ತಿರುಗಿಸದೆ ನೇರವಾಗಿ, ನಡಿಗೆಯ ವೇಗದಲ್ಲಿ ಡಾಂಬರಿಗೆ ಬಂದರು.

ಆರು ಕಡೆ ಪಡೆದಿದ್ದ ಲೈನ್ ಕ್ಲಿಯರ್‌ನ ದಿನಾಂಕಗಳು ಅಷ್ಟರಲ್ಲಿ ಮುಗಿದಿದ್ದರಿಂದ ಅದಕ್ಕಾಗಿ ಇನ್ನೊಂದು ದಿನ ಕಾಯಬೇಕಾಯಿತು. ಸರಕು ಒಪ್ಪಂದದ ಗಡುವಿಗಿಂತ ಮೂರು ದಿನ ತಡವಾಗಿ, ಒಂದು ಗೀರೂ ಇಲ್ಲದೆ ಕಾರ್ಖಾನೆಯ ಅಂಗಳದಲ್ಲಿ ಇಳಿಯಿತು. ಬಾಡಿಗೆಯಲ್ಲಿ ಕಡಿತವಾಯಿತು. ಜಲ್ಲಿ, ಜಾಕಿ, ಲೋ ಬೆಡ್‌ನ ಹೆಚ್ಚುವರಿ ದಿನಗಳ ಖರ್ಚೆಲ್ಲ ಕಳೆದು ಮಾಲೀಕರಿಗೆ ಈ ಕೆಲಸದಲ್ಲಿ ಏನೂ ಉಳಿಯಲಿಲ್ಲ.

ಹಿಂದಿರುಗಿ ನೋಡಿದಾಗ

ಎರೆಮಣ್ಣಿನಿಂದ ಹಿಂದಕ್ಕೆ ಎಳೆಯನ್ನು ಹಿಡಿದು ನಡೆದರೆ ಅದು ಕ್ಲಚ್‌ಗೆ ಹೋಗಿ ಮುಟ್ಟುವುದಿಲ್ಲ, ಅರ್ಜಿಯ ವಾಹನಸಂಖ್ಯೆಯ ಖಾನೆಗೆ ಹೋಗಿ ಮುಟ್ಟುತ್ತದೆ. ಕ್ಲಚ್ ಯಾರದ್ದಾದರೂ ಕೆಡಬಹುದು. ಬದಲಿ ಪುಲ್ಲರ್ ಆದೇಶದಲ್ಲಿದ್ದಿದ್ದರೆ ನಷ್ಟವಾಗುತ್ತಿದ್ದದ್ದು ಎರಡು ಗಂಟೆ. ಅದಿಲ್ಲದ್ದರಿಂದ ಒಂದೂವರೆ ದಿನ ಹೋಯಿತು, ಆ ಒಂದೂವರೆ ದಿನದ ಅವಸರವೇ ನಮ್ಮನ್ನು ಗೊತ್ತಿಲ್ಲದ ಜಾಗದಲ್ಲಿ ಮಳೆಯ ಸಂಜೆ ನಿಲ್ಲಿಸಿತು.

ಆದರೆ ಅದಕ್ಕಿಂತ ದೊಡ್ಡ ಲೋಪ ಸಮೀಕ್ಷೆಯಲ್ಲಿತ್ತು. ಸಮೀಕ್ಷೆಯ ನಮೂನೆ ಸಿದ್ಧಪಡಿಸಿದವನು ನಾನಾದ್ದರಿಂದ ಅದು ನನ್ನ ಲೋಪ. ಪ್ರತಿ ತಂತಿಯ ಎತ್ತರ, ಪ್ರತಿ ಉಬ್ಬು, ಪ್ರತಿ ತಿರುವಿನ ಅಗಲಕ್ಕೆ ಅದರಲ್ಲಿ ಖಾನೆಗಳಿದ್ದವು. ಹೊರೆ ಚಲಿಸುವಾಗ ಏನು ಅಡ್ಡ ಬರುತ್ತದೆ ಎಂದಷ್ಟೇ ಯೋಚಿಸಿದ್ದೆ. ಹಗಲು ಮಾತ್ರ ಸಾಗಬಹುದೆಂಬ ಷರತ್ತಿರುವ ಹೊರೆ ತನ್ನ ಪ್ರಯಾಣದ ಅರ್ಧಕ್ಕೂ ಹೆಚ್ಚು ಹೊತ್ತು ನಿಂತೇ ಇರುತ್ತದೆ. ಆ ಅರ್ಧಕ್ಕೆ ನಮ್ಮಲ್ಲಿದ್ದ ತಯಾರಿ ರಾತ್ರಿಗೊಂದರಂತೆ ಬರೆದುಕೊಂಡ ಬಂಕ್‌ಗಳ, ಢಾಬಾಗಳ ಹೆಸರು, ಅಷ್ಟೇ. ಒಂದು ನಿಲುಗಡೆ ತಪ್ಪಿದರೆ ಅದರ ಹಿಂದೆ ಮುಂದೆ ಎಲ್ಲಿ ನಿಲ್ಲಬಹುದು, ಅಲ್ಲಿನ ನೆಲ ಎಂಥದು, ಮಳೆ ಬಂದರೆ ಹೇಗೆ ಎಂಬುದು ಯಾವ ಹಾಳೆಯಲ್ಲೂ ಇರಲಿಲ್ಲ. ಈಗಿನ ನಮೂನೆಯಲ್ಲಿ ಹತ್ತು ಹದಿನೈದು ಕಿಲೋಮೀಟರಿಗೊಂದು ಗಟ್ಟಿ ನೆಲದ ಜಾಗವನ್ನು ಅಳೆದು ಬರೆಯುತ್ತೇವೆ. ದಿನದ ಲೆಕ್ಕವನ್ನೂ ಬದಲಿಸಿದ್ದೇವೆ. ಸಂಜೆ ಐದಕ್ಕೆ ಇಲ್ಲಿಗೆ ತಲುಪದಿದ್ದರೆ ಹಿಂದಿನ ಜಾಗದಲ್ಲೇ ನಿಲ್ಲಬೇಕು ಎಂದು ಪೈಲಟ್ ಚಾಲಕನಿಗೆ ಬರೆದು ಕೊಡುತ್ತೇವೆ, ಫೋನಿನಲ್ಲಿ ತೀರ್ಮಾನಿಸಲು ಬಿಡುವುದಿಲ್ಲ. ಒಪ್ಪಂದಗಳಲ್ಲಿ ಅನುಮತಿಯ ವಿಳಂಬಕ್ಕೂ ಮಳೆಗೂ ಬಾಡಿಗೆ ಕಡಿತದಿಂದ ವಿನಾಯಿತಿ ಇರಬೇಕೆಂದು ಮಾಲೀಕರು ಪಟ್ಟು ಹಿಡಿಯುತ್ತಾರೆ. ಆ ಕಾರಣಕ್ಕೆ ಒಂದು ಕೆಲಸ ಕೈತಪ್ಪಿಯೂ ಇದೆ.

ಅದೇ ಮಾಲೀಕರು ಆಮೇಲೆ ಇಂಥ ನಾಲ್ಕು ಹೊರೆಗಳನ್ನು ಸಾಗಿಸಿದ್ದಾರೆ. ಹಿರಿಯ ಚಾಲಕರ ಸೀಟಿನ ಹಿಂದೆ ಈಗ ಒಂದು ಹಾರೆ ಇರುತ್ತದೆ. ರಾತ್ರಿ ನಿಲ್ಲಿಸುವ ಮುನ್ನ ಅವರು ಎಂಜಿನ್ ಆರಿಸದೆ ಕೆಳಗಿಳಿದು, ಚಕ್ರ ಬರುವ ಜಾಗದುದ್ದಕ್ಕೂ ಎರಡೆರಡು ಹೆಜ್ಜೆಗೆ ಒಮ್ಮೆ ಅದನ್ನು ನೆಲಕ್ಕೆ ಕುಟ್ಟಿ ನೋಡುತ್ತಾರೆ. ಕ್ಲೀನರ್ ಹುಡುಗ ಟಾರ್ಚು ಹಿಡಿದು ಹಿಂದೆ ಹಿಂದೆ ನಡೆಯುತ್ತಾನೆ.